ಜಗಳ ನಮ್ಮದು, ಮಾತು ಯಾರದೋ

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಾನೂ ನನ್ನ ಅಣ್ಣನೂ ಎಂಟು ತಿಂಗಳ ಮೇಲೆ ಮಾತಾಡಿದೆವು. ನಮ್ಮ ಜಗಳ ಆಸ್ತಿಗಲ್ಲ, ದುಡ್ಡಿಗೂ ಅಲ್ಲ. ಮನೆಯವರ ಗ್ರೂಪಿಗೆ ಅವನು ಒಂದು ವಿಡಿಯೊ ಹಾಕಿದ್ದ. ನಾನು ಸುಮ್ನೆ ಇರಬಹುದಿತ್ತು. ಇರಲಿಲ್ಲ. ಅದಕ್ಕೆ ಎದುರಾಗಿ ಇನ್ನೊಂದನ್ನು ಹುಡುಕಿ ಹಾಕಿದೆ. ಮಧ್ಯರಾತ್ರಿವರೆಗೂ ಹೀಗೇ ನಡೆಯಿತು. ಬೆಳಿಗ್ಗೆ ಎದ್ದು ಎಲ್ಲವನ್ನೂ ಓದಿದರೆ, ಅದರಲ್ಲಿ ನಾವೇ ಬರೆದ ಸಾಲು ನಾಲ್ಕೋ ಐದೋ ಇದ್ದವು. ಉಳಿದದ್ದೆಲ್ಲ ಫಾರ್ವರ್ಡ್. ಮುಖ ಕೂಡ ನೋಡದವರ ಮಾತನ್ನು ಎರವಲು ತಂದು ಒಡಹುಟ್ಟಿದವರು ಹೊಡೆದಾಡಿದ್ದೆವು.

ಸಿಟ್ಟು ನಮ್ಮದೇ, ಒಪ್ಪುತ್ತೇನೆ. ಆದರೆ ಆ ಕೆಂಡಕ್ಕೆ ಗಾಳಿ ಹಾಕುವ ಏರ್ಪಾಡೂ ಇದೆ. 2017ರಲ್ಲಿ ಫೇಸ್‌ಬುಕ್ ಸಿಟ್ಟು, ನಗು, ಪ್ರೀತಿಯ ಎಮೋಜಿಗಳಿಗೆ ಒಂದು ಲೈಕಿನ ಐದು ಪಟ್ಟು ತೂಕ ಕೊಟ್ಟಿತು. ತೂಕ ಹೆಚ್ಚಿದಷ್ಟೂ ಪೋಸ್ಟ್ ಹೆಚ್ಚು ಜನರ ಕಣ್ಣಿಗೆ ಬೀಳುತ್ತದೆ. ಸಿಟ್ಟಿನ ಎಮೋಜಿ ಜಾಸ್ತಿ ಬಿದ್ದ ಪೋಸ್ಟ್‌ಗಳಲ್ಲಿ ಸುಳ್ಳು, ವಿಷವೂ ಜಾಸ್ತಿ ಎಂದು ಆ ಕಂಪನಿಯವರೇ ಕಂಡುಕೊಂಡರು. ಆದರೂ ಸಿಟ್ಟಿನ ಎಮೋಜಿಯ ತೂಕ ಸೊನ್ನೆಗೆ ಇಳಿದದ್ದು 2020ರಲ್ಲಿ. ಮೂರು ವರ್ಷ! ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ಮಾತು ಬಿಟ್ಟುಹೋಯಿತೋ. ನಮಗೆಲ್ಲ ಇದು ಗೊತ್ತಾದದ್ದು 2021ರಲ್ಲಿ, ಅಲ್ಲೇ ಕೆಲಸ ಮಾಡಿದ್ದ ಫ್ರಾನ್ಸಿಸ್ ಹೌಗನ್ ದಾಖಲೆಗಳನ್ನು ಹೊರಗೆ ತಂದ ಮೇಲೆ.

ಸಣ್ಣದೊಂದು ಅಡ್ಡಿ ಇಟ್ಟರೂ ಸಾಕು, ವೇಗ ತಗ್ಗುತ್ತದೆ. ತುಂಬಾ ಸಲ ಫಾರ್ವರ್ಡ್ ಆದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬೇಕು ಎಂದು ವಾಟ್ಸ್‌ಆ್ಯಪ್ 2020ರ ಏಪ್ರಿಲ್‌ನಲ್ಲಿ ನಿಯಮ ಮಾಡಿತು. ಅಂಥ ಮೆಸೇಜ್‌ಗಳ ಓಡಾಟ ಶೇ 70ರಷ್ಟು ಕಡಿಮೆಯಾಯಿತು ಎಂದು ಕಂಪನಿಯೇ ಹೇಳಿತು. ಅಂದರೆ ಇದು ಆಗದ ಕೆಲಸವೇನಲ್ಲ, ಅಲ್ವಾ?

ನಾನೂ ಅಣ್ಣನೂ ಈಗ ಒಂದು ಮಾತು ಮಾಡಿಕೊಂಡಿದ್ದೇವೆ. ಏನಾದರೂ ನೋಡಿ ಸಿಟ್ಟು ಬಂದರೆ ಗ್ರೂಪಿಗೆ ಹಾಕುವುದಿಲ್ಲ, ಫೋನ್ ಮಾಡುತ್ತೇವೆ. ಕಳೆದ ವಾರ ಅವನು ಮಾಡಿದ್ದ. ವಿಡಿಯೊ ವಿಷಯ ಎರಡು ನಿಮಿಷಕ್ಕೆ ಮುಗಿಯಿತು. ಆಮೇಲೆ ಅರ್ಧ ಗಂಟೆ ಅಮ್ಮನ ಮಂಡಿನೋವಿನ ಮಾತು.

ಆದರೆ ಎಲ್ಲವನ್ನೂ ಮನೆಯವರ ತಾಳ್ಮೆಯ ಮೇಲೆ ಹಾಕಿ ಕಂಪನಿಗಳು ಕೈ ತೊಳೆದುಕೊಳ್ಳಬಾರದು. ನಮ್ಮ ಇಷ್ಟಾನಿಷ್ಟ ಅಳೆದು ಪೋಸ್ಟ್ ಬಡಿಸದ ಒಂದು ಆಯ್ಕೆಯನ್ನಾದರೂ ದೊಡ್ಡ ಜಾಲತಾಣಗಳು ಕೊಡಲೇಬೇಕು ಎಂಬ ಕಾನೂನು ಯುರೋಪ್ ಒಕ್ಕೂಟದಲ್ಲಿ 2023ರಿಂದ ಇದೆ. ಅದು ಎಲ್ಲ ದೇಶದವರಿಗೂ ಸಿಗಲಿ. ಸೆಟ್ಟಿಂಗ್ಸ್‌ನ ಮೂಲೆಯಲ್ಲಿ ಹುಡುಕುವಂತೆ ಅಲ್ಲ, ಆ್ಯಪ್ ತೆರೆದ ಕೂಡಲೇ ಮೊದಲು ಕಾಣುವಂತೆ.

ಇಂತಿ,
ನಿಮ್ಮ ಓದುಗ