ರಜೆಯ ಮೊದಲ ನಾಲ್ಕು ದಿನ

ದಾವಣಗೆರೆ

ಪ್ರೀತಿಯ ಪುಟ್ಟುವಿಗೆ ಸಣ್ಣಜ್ಜಿಯ ಆಶೀರ್ವಾದಗಳು.

ನಿನ್ನ ಕಾಗದ ಸಿಕ್ಕಿತು. ನನಗೆ ಫೋನಿನಲ್ಲಿ ಸರಿಯಾಗಿ ಕೇಳಿಸೋದಿಲ್ಲ ಅಂತ ನೆನಪಿಟ್ಟುಕೊಂಡು ಇಷ್ಟುದ್ದ ಬರೆದಿದ್ದೀಯ. ತುಂಬಾ ಸಂತೋಷ ಆಯ್ತು. ಅಜ್ಜನ ವರ್ಷದ ಪುಣ್ಯಸ್ಮರಣೆಗೆ ಎಲ್ಲರೂ ನಾಲ್ಕು ಮಾತು ಬರೆದುಕೊಡಬೇಕು ಅಂದಿದ್ದೀಯ. ಅದಕ್ಕೇ ಅಂತ ಕೂತೆ. ಆದರೆ ಅವನ ಪದಕ, ಪಿಂಚಣಿ, ಅಂಗಡಿ ಕಟ್ಟಿದ ಕಥೆ ಎಲ್ಲಾ ನಿಮ್ಮ ಮನೆಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ನನ್ನ ಮನಸ್ಸು ಅಲ್ಲಿ ನಿಲ್ಲುತ್ತಿಲ್ಲ. ನೀನು ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ಅಲ್ಲೇ ಹೋಗಿ ನಿಲ್ಲುತ್ತಿದೆ.

“ಈ ಸಲ ರಜೆಗೆ ಬಂದಾಗ ನಾನೂ ಅವಳೂ ಹೊಸಬರ ಹಾಗೆ ಇದ್ವಿ. ಮಾತೇ ಬರಲಿಲ್ಲ. ಅಜ್ಜ ಅಜ್ಜಿ ಹಾಗೆ ಬಾಳೋದು ನಮ್ಮ ಹಣೆಯಲ್ಲಿ ಬರೆದಿಲ್ಲವೇನೋ.”

ಮದುವೆಯಾಗಿ ಇನ್ನೂ ಎರಡು ವರ್ಷ ತುಂಬಿಲ್ಲ. ಆಗಲೇ ಹೀಗೆ ಅಂದುಕೊಂಡುಬಿಟ್ಟೆಯಾ, ಮಗಾ?

ನೀನು ಕಂಡದ್ದು ಅವರ ಮುಪ್ಪನ್ನು. ಅವರ ಮೊದಲ ದಿನಗಳನ್ನು ಕಂಡವರಲ್ಲಿ ಈಗ ಉಳಿದಿರುವುದು ನಾನೊಬ್ಬಳೇ. ಅದಕ್ಕೇ ಹೇಳುತ್ತೇನೆ, ಕೇಳು.

ನನ್ನ ಅಣ್ಣನ, ಅಂದರೆ ನಿನ್ನ ಅಜ್ಜನ, ಮದುವೆ ಆದದ್ದು 1964ರಲ್ಲಿ. ಆಗ ಅವನು ಬೆಂಗಳೂರಿನ ಹಲಸೂರಿನಲ್ಲಿ ಟ್ರೇನಿಂಗ್ ಮುಗಿಸಿ ಸೈನ್ಯದ ಇಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ ಸೇರಿ ಮೂರ್ನಾಲ್ಕು ವರ್ಷ ಆಗಿತ್ತು. ಅತ್ತಿಗೆ ನಮ್ಮ ಜಗಳೂರು ಕಡೆ ಮನೆಗೆ ಬಂದಳು. ಹದಿನೈದು ದಿನಕ್ಕೆ ಅಣ್ಣ ಹೊರಟ. ಆಮೇಲೆ ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ, ಅದೂ ಸಿಕ್ಕರೆ. ಬೆಂಗಳೂರಿನಲ್ಲಿ ಇಳಿದು, ಮೀಟರ್‌ಗೇಜ್ ರೈಲು ಹತ್ತಿ ದಾವಣಗೆರೆಗೆ, ಅಲ್ಲಿಂದ ಬಸ್ಸು. ಕರಿ ಟ್ರಂಕು ತಲೆ ಮೇಲೆ ಹೊತ್ತು ಬರುತ್ತಿದ್ದ.

ಬಂದ ದಿನ ಅತ್ತಿಗೆ ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ನೀರಿನ ಚೊಂಬನ್ನೂ ನನ್ನ ಕೈಯಲ್ಲೇ ಕಳಿಸೋಳು. ಅವನೂ ಅಷ್ಟೇ. ಜಗಲಿ ಮೇಲೆ ಕೂತು ಊರಿನವರನ್ನೆಲ್ಲ ಮಾತಾಡಿಸುತ್ತಿದ್ದ, ಒಳಗೆ ಬಂದರೆ ಬಾಯಿ ಕಟ್ಟಿಹೋಗುತ್ತಿತ್ತು. ಊಟಕ್ಕೆ ಕೂತಾಗ “ಇನ್ನೊಂದು ರೊಟ್ಟಿ?”, “ಸಾಕು”. ಅಷ್ಟೇ ಮಾತು. ನಾಲ್ಕು ದಿನ ಹೀಗೇ ಹೋಗೋದು. ಒಂದು ವರ್ಷ ನಾನು ತಡೆಯಲಾರದೆ ಕೇಳಿಯೇಬಿಟ್ಟೆ, “ಅಣ್ಣನ ಮೇಲೆ ಸಿಟ್ಟಾ ಅತ್ತಿಗೆ?” ಅಂತ.

“ಸಿಟ್ಟಲ್ಲ ಕಣೇ. ಮುಖ ಮರೆತುಹೋಗಿತ್ತು” ಅಂದಳು.

ಇದನ್ನು ನಿನಗೆ ಹೇಳಬೇಕು ಅಂತಲೇ ಇಷ್ಟು ಬರೆಯುತ್ತಿದ್ದೇನೆ. ಕೊನೆಗಾಲದಲ್ಲಿ ಒಬ್ಬರನ್ನೊಬ್ಬರು ಬಿಟ್ಟು ಊಟಕ್ಕೂ ಕೂರದಿದ್ದ ಅವರಿಬ್ಬರೇ ಇವರು. ಗಂಡನ ಮುಖ ಮರೆತಿದ್ದ ಹೆಂಡತಿ ಅವಳು.

ಐದನೇ ದಿನವೋ ಆರನೇ ದಿನವೋ ಅಣ್ಣ ಹಿತ್ತಲ ಬಾವಿಗೆ ಇಳಿಯುತ್ತಿದ್ದ, ಹೂಳು ತೆಗೆಯೋಕೆ. ಅವನು ಕೆಳಗೆ ಬುಟ್ಟಿ ತುಂಬಿ ಕೂಗೋದು, ಅತ್ತಿಗೆ ಮೇಲೆ ನಿಂತು ಹಗ್ಗ ಎಳೆಯೋದು. “ಎಳಿ”, “ತಡಿ”, “ನಿಧಾನ”. ಮಧ್ಯಾಹ್ನದ ಹೊತ್ತಿಗೆ ಅತ್ತಿಗೆ ಮೇಲಿಂದ ಏನೋ ಬೈಯುತ್ತಿದ್ದಳು, ಬಾವಿಯೊಳಗಿಂದ ಅಣ್ಣನ ನಗು ಕೇಳಿಸುತ್ತಿತ್ತು. ಅಲ್ಲಿಂದ ಮಾತು ಶುರು. ಅಷ್ಟರಲ್ಲಿ ಅವ್ವ ಅವನನ್ನು ನೆಂಟರ ಮನೆಗೆಲ್ಲ ಕರಕೊಂಡು ಹೊರಡೋಳು.

ನೀನೂ ಸೈನ್ಯದಿಂದ ರಜೆಗೆ ಬಂದಾಗ ಮೊದಲ ವಾರ ನೆಂಟರ ಮನೆ, ಹರಕೆ, ಗೆಳೆಯರು ಅಂತಲೇ ಕಳೆದೆ ಅಂತ ನಿಮ್ಮಮ್ಮ ಹೇಳಿದಳು. ನಾನು ಹೇಳಬಾರದು, ನಮ್ಮ ಮನೆಗೂ ನೀನು ಆ ವಾರದಲ್ಲೇ ಬಂದದ್ದು. ಮುಂದಿನ ಸಲ ನಮ್ಮ ಮನೆಗೆ ಕೊನೆಯಲ್ಲಿ ಬಾ. ಬರದಿದ್ದರೂ ನನಗೆ ಬೇಜಾರಿಲ್ಲ.

ಕಾಗದಗಳ ವಿಷಯ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಅತ್ತಿಗೆಗೆ ಓದು ಬರುತ್ತಿರಲಿಲ್ಲ. ಅಣ್ಣನ ಇನ್‌ಲ್ಯಾಂಡ್ ಬಂದರೆ ನಾನೇ ಓದಿ ಹೇಳಬೇಕು, ಅದೂ ಅಪ್ಪ ಅವ್ವನ ಎದುರು. ಅದು ಅವನಿಗೂ ಗೊತ್ತು. ಎಲ್ಲಿದ್ದೇನೆ ಅಂತ ಬರೆಯುವ ಹಾಗಿಲ್ಲ, 56 ಎಪಿಒ ಅನ್ನೋ ಸೈನ್ಯದ ಅಂಚೆ ವಿಳಾಸ ಅಷ್ಟೇ. ಇನ್ನು ಹೆಂಡತಿಗೆ ಅಂತ ಏನು ಬರೆದಾನು? ಕ್ಷೇಮ, ಮನಿಆರ್ಡರ್, ಎತ್ತು, ಮಳೆ. ಕೊನೆಯಲ್ಲಿ ಮಾತ್ರ ಪ್ರತಿ ಸಲ ಒಂದೇ ಪ್ರಶ್ನೆ: “ಬಾವಿಯಲ್ಲಿ ನೀರು ಎಷ್ಟನೇ ಮೆಟ್ಟಿಲಿಗಿದೆ?” ಉತ್ತರ ಬರೆಯುವಾಗ ನಾನು ಅಂದಾಜಿನ ಮೇಲೆ ಏಳು ಅಂತ ಬರೆಯಲು ಹೋದರೆ ಅತ್ತಿಗೆ ಬಿಡುತ್ತಿರಲಿಲ್ಲ. ಎದ್ದು ಹೋಗಿ, ಬಗ್ಗಿ ನೋಡಿ, ಎಣಿಸಿಕೊಂಡು ಬಂದು ಹೇಳೋಳು. ಅದು ಅವರಿಬ್ಬರ ಮಾತು ಅಂತ ನನಗೆ ತಿಳಿಯುವ ಹೊತ್ತಿಗೆ ನನಗೇ ಮದುವೆಯಾಗಿತ್ತು.

1965ರ ಯುದ್ಧ ನಿಂತ ಮೇಲೆ ಅತ್ತಿಗೆ ಒಂದು ದಿನ ನನ್ನ ಸ್ಲೇಟು ತೆಗೆದುಕೊಂಡು ಬಂದು “ನನಗೂ ಕಲಿಸು” ಅಂದಳು. ಹಗಲೆಲ್ಲ ಹೊಲದ ಕೆಲಸ, ರಾತ್ರಿ ಬುಡ್ಡಿ ದೀಪದ ಮುಂದೆ ಅ ಆ ಇ ಈ. ಒತ್ತಕ್ಷರ ಬಹಳ ಕಷ್ಟಪಟ್ಟಳು. ಅಂತೂ ಕಲಿತಳು. ಅದಾದ ಮೇಲೆ ಬಂದ ಕಾಗದವನ್ನು ನನ್ನ ಕೈಗೆ ಕೊಡಲಿಲ್ಲ. ತಾನೇ ಹಿತ್ತಲಿಗೆ ಒಯ್ದು ಓದಿಕೊಂಡಳು. ಆಮೇಲಿನ ಕಾಗದಗಳಲ್ಲಿ ಏನಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗದೇ ಇದ್ದದ್ದೇ ಒಳ್ಳೇದು.

ಪುಟ್ಟು, ನೀವು ದಿನಾ ಒಬ್ಬರ ಮುಖ ಒಬ್ಬರು ಫೋನಿನಲ್ಲಿ ನೋಡುತ್ತೀರಿ. ಅದು ಸಣ್ಣ ಭಾಗ್ಯವಲ್ಲ. ಆದರೆ ಅಲ್ಲಿ “ಊಟ ಆಯ್ತಾ”, “ನೆಟ್‌ವರ್ಕ್ ಇಲ್ಲ” ಬಿಟ್ಟು ಏನಾದರೂ ಕೇಳುತ್ತೀಯಾ? ಅವಳ ಸ್ಕೂಲಿನಲ್ಲಿ ಮಕ್ಕಳು ಏನು ಮಾಡಿದರು, ಯಾವ ಪಾಠ ನಡೀತಿದೆ, ಕೇಳಬಹುದಲ್ವಾ. ನನಗೆ ಈ ಕಾಲದ್ದು ಗೊತ್ತಾಗೋದಿಲ್ಲ. ತಪ್ಪು ತಿಳೀಬೇಡ.

1971 ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ. ಡಿಸೆಂಬರ್ 3ಕ್ಕೆ ಯುದ್ಧ ಶುರುವಾಯಿತು, 16ಕ್ಕೆ ಢಾಕಾದಲ್ಲಿ ಶರಣಾಗತಿ ಆಯ್ತು ಅಂತ ರೇಡಿಯೋದಲ್ಲಿ ಹೇಳಿದರು. ಊರೆಲ್ಲ ಸಕ್ಕರೆ ಹಂಚಿತು. ಅಣ್ಣ ಇದ್ದದ್ದು ಆ ಕಡೆ ಅಲ್ಲ, ಪಶ್ಚಿಮದ ಗಡಿಯಲ್ಲಿ, ಶಕರ್‌ಗಢದ ಕಡೆ, ಬಸಂತರ್ ಹೊಳೆ ಹತ್ತಿರ. ಟ್ಯಾಂಕು ಮುಂದೆ ಹೋಗಬೇಕಾದರೆ ನೆಲದಲ್ಲಿ ಹೂತಿಟ್ಟ ಮೈನುಗಳನ್ನು ಮೊದಲು ಸ್ಯಾಪರ್‌ಗಳು ತೆಗೆಯಬೇಕು. ಇದೆಲ್ಲ ನಮಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಅಲ್ಲಿಯವರೆಗೆ ಸೈಕಲ್ ಬೆಲ್ ಕೇಳಿದರೆ ಸಾಕು, ತಂತಿ ಬಂತೇನೋ ಅಂತ ಅತ್ತಿಗೆ ಗೋಡೆ ಹಿಡಿದುಕೊಳ್ಳುತ್ತಿದ್ದಳು.

ಮುಂದಿನ ರಜೆಗೆ ಅಣ್ಣ ಬಂದಾಗ ನಾಲ್ಕು ದಿನಕ್ಕೆ ಮುಗಿಯಲಿಲ್ಲ. ಇಡೀ ರಜೆ ಸುಮ್ನೆ ಇದ್ದ. ಹೊಲದ ಬದುವಿನ ಮೇಲೆ ನಡೆಯುವಾಗಲೂ ಕಣ್ಣು ನೆಲದಲ್ಲೇ. ಅಲ್ಲಿ ಬಹಳ ಚಳಿ ಅಂತ ಬಿಟ್ಟು ಯುದ್ಧದ ಬಗ್ಗೆ ಏನೂ ಹೇಳಲಿಲ್ಲ. ನಾನೂ ಮುಂದೆಂದೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದನೇನೋ ಅಂತ ಈಗ ಅನಿಸುತ್ತೆ. ಅತ್ತಿಗೆ ಕೂಡ ಅವನನ್ನು ಕೆದಕಲಿಲ್ಲ. ಆದರೆ ಅವನ ಮೌನ ತನ್ನ ಮೇಲಿನ ಬೇಸರ ಅಂತ ಅಂದುಕೊಳ್ಳಲೂ ಇಲ್ಲ. ಅಷ್ಟು ವರ್ಷದಲ್ಲಿ ಅವಳಿಗೆ ಅದು ತಿಳಿದುಹೋಗಿತ್ತು. ನಿನ್ನ ಹೆಂಡತಿಗೆ ಇನ್ನೂ ತಿಳಿದಿರಲಿಕ್ಕಿಲ್ಲ. ನೀನು ಸುಮ್ಮನಿದ್ದರೆ ಆ ಹುಡುಗಿ ಏನಂತ ತಿಳೀಬೇಕು ಹೇಳು.

ಅಂಗಡಿ ವಿಷಯದಲ್ಲಿ ಒಂದೇ ಮಾತು. ಅಣ್ಣ ರಿಟೈರ್ ಆಗಿ ಬಂದು ದಾವಣಗೆರೆಯಲ್ಲಿ ಪಂಪ್‌ಸೆಟ್ ಅಂಗಡಿ ಹಾಕಿದಾಗ ಮೋಟಾರು ಬಿಚ್ಚಿ ವೈಂಡಿಂಗ್ ಮಾಡೋ ಕೈ ಅವನದು. ಆದರೆ ಉದ್ರಿ ಪುಸ್ತಕ ಬರೆದದ್ದು ಅತ್ತಿಗೆ. ಯಾವ ಊರಿನ ಯಾರು ಸುಗ್ಗಿಗೆ ಕೊಡುತ್ತೇನೆ ಅಂದರು, ಯಾರು ಕೊಟ್ಟರು, ಎಲ್ಲಾ ಆಕೆಯ ಅಕ್ಷರದಲ್ಲೇ. ಅವಳಿಗೆ ಲಕ್ವಾ ಹೊಡೆದು ಬಲಗೈ ಬಿದ್ದ ಮೇಲೆ, ಮಾತೂ ನಿಂತ ಮೇಲೆ, ಅಣ್ಣ ಸಂಜೆ ಬಾಗಿಲು ಹಾಕಿ ಬಂದು ಗಂಜಿ ತಿನ್ನಿಸಿ, ಬಾಯಿ ಒರೆಸಿ, ಮಂಚದ ಪಕ್ಕ ಕೂತು ಅವತ್ತಿನ ಉದ್ರಿ ಓದುತ್ತಿದ್ದ. ಒಂದೊಂದು ಹೆಸರು ಹೇಳಿ ನಿಲ್ಲಿಸೋನು. ಆಕೆ ಕಣ್ಣು ಮುಚ್ಚಿ ತೆರೆದರೆ ಕೊಡಬಹುದು, ತಲೆ ಅಲ್ಲಾಡಿಸಿದರೆ ಬೇಡ. ಏಳು ವರ್ಷ ನಡೆಯಿತು ಇದು. ನೀನು ಅದನ್ನು ಪ್ರೀತಿ ಅಂತ ನೋಡಿದೆ. ಹೌದು, ಪ್ರೀತಿಯೇ. ಆದರೆ ಅವರು ಮಾತಾಡುತ್ತಿದ್ದದ್ದು ಮೋಟಾರು ಸುಟ್ಟದ್ದು, ಮೆಕ್ಕೆಜೋಳದ ರೇಟು, ಯಾರದೋ ಬಾಕಿ.

ಹೊಸಬರಾಗೋಕೆ ದೂರವೇ ಇರಬೇಕು ಅಂತಿಲ್ಲ, ಪುಟ್ಟು. ನಿಮ್ಮ ಸಣ್ಣಜ್ಜ ಮಿಲ್ಲಿನಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದರು, ದಿನಾ ಮನೆಗೆ ಬರುತ್ತಿದ್ದರು. ಮಿಲ್ಲು ಮುಚ್ಚಿದ ಮೇಲೆ ಕುರ್ಚಿ ಬಾಗಿಲಲ್ಲಿ ಹಾಕಿಕೊಂಡು ಕೂತಿರುತ್ತಿದ್ದರು. ಬಾಕಿ ಹಣದ ಬಗ್ಗೆ ಬೇಕಾದಷ್ಟು ಮಾತಾಡಿದೆವು. ಅವರ ಮನಸ್ಸಿನಲ್ಲಿ ಏನಿತ್ತು ಅನ್ನೋದು ಮಾತ್ರ ಅವರ ಜೊತೆಗೇ ಹೋಯಿತು. ಈಗ ಆ ಕುರ್ಚಿಯಲ್ಲಿ ನಾನು ಕೂರುತ್ತೇನೆ. ಇರಲಿ ಬಿಡು. ನಿನ್ನದು ಕೇಳಿದರೆ ನನ್ನದು ಹೇಳುತ್ತಿದ್ದೇನೆ.

ಫ್ಯಾಮಿಲಿ ಕ್ವಾರ್ಟರ್ಸ್ ಸಿಗುವ ಜಾಗಕ್ಕೆ ಪೋಸ್ಟಿಂಗ್ ಆದರೆ ಅವಳನ್ನು ಕರಕೊಂಡು ಹೋಗು. ಕೆಲಸ ಬಿಡಬೇಕಾದೀತು, ಅವಳನ್ನು ಕೇಳಿಯೇ ನಿರ್ಧಾರ ಮಾಡು. ಯೂನಿಟ್ಟಿನ ದಾಖಲೆಯಲ್ಲಿ ಅವಳ ಹೆಸರು, ಹುಟ್ಟಿದ ತಾರೀಖು ಸರಿಯಾಗಿ ಸೇರಿಸಿದ್ದೀಯಾ? ಅಕ್ಷರ ಒಂದು ಹೆಚ್ಚು ಕಮ್ಮಿಯಾದರೂ ಮುಂದೆ ತೊಂದರೆ. ಇದನ್ನು ಇಲ್ಲಿ ಯಾಕೆ ಬರೆದೆನೋ, ನೆನಪಾಯಿತು, ಬರೆದೆ.

ನೀನು ಬರೆದದ್ದನ್ನು ನಿಮ್ಮಮ್ಮನಿಗೆ ಹೇಳಿಲ್ಲ, ಹೇಳೋದೂ ಇಲ್ಲ. ಪುಣ್ಯಸ್ಮರಣೆಯ ಎರಡು ಮಾತು ಬೇರೆ ಹಾಳೆಯಲ್ಲಿ ಬರೆದು ಕಳಿಸುತ್ತೇನೆ.

ಆದರೆ ಒಂದು ಕೆಲಸ ಮಾಡು. “ನಾವು ಹೊಸಬರ ಹಾಗೆ ಇದ್ವಿ, ನನಗೆ ಹೆದರಿಕೆ ಆಗ್ತಿದೆ” ಅಂತ ನನಗೆ ಬರೆದೆಯಲ್ಲ, ಅದನ್ನೇ ಒಂದು ಹಾಳೆಯಲ್ಲಿ ಬರೆದು ಅವಳ ಹೆಸರಿಗೆ ಪೋಸ್ಟ್ ಮಾಡು. ಮೆಸೇಜು ಬೇಡ. ಲಕೋಟೆ ಅಂಟಿಸಿ, ಸ್ಕೂಲಿನ ವಿಳಾಸಕ್ಕೆ ಕಳಿಸು. ಮನೆಗೆ ಬಂದರೆ ಬೇರೆಯವರು ಒಡೆದಾರು.

ಇಂತಿ,
ನಿನ್ನ ಸಣ್ಣಜ್ಜಿ