ಹೊತ್ತು ಹೊತ್ತಿಗೆ ಉಣ್ಣು ಮಗಳೇ

ಹಾಸನ,
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿ,

ಈಸ್ಟರ್ ರಜೆ ಮುಗಿಸಿ ನೀನು ಬೆಂಗಳೂರಿನ ಬಸ್ಸು ಹತ್ತಿದ ಮೇಲೆ ನಿನ್ನ ಹಾಸಿಗೆ ಕೊಡವಿದೆ. ದಿಂಬಿನ ಕೆಳಗಿಂದ ಒಂದು ಮಾತ್ರೆ ಸ್ಟ್ರಿಪ್ ಬಿತ್ತು. ಪ್ಯಾಂಟೊಪ್ರಜೋಲ್, ಹೊಟ್ಟೆಯ ಆಸಿಡ್ ತಗ್ಗಿಸುವ ಮಾತ್ರೆ. ಹತ್ತರಲ್ಲಿ ಒಂಬತ್ತು ಖಾಲಿ. ಹತ್ತನೆಯದರ ಮೇಲೆ ಉಗುರು ಒತ್ತಿದ ಗುರುತಿತ್ತು. ತೆಗೆಯಲು ಹೋಗಿ ಬಿಟ್ಟಿದ್ದೀಯ. ಮೂವತ್ತು ವರ್ಷ ನರ್ಸ್ ಆಗಿದ್ದವಳಿಗೆ ಅದು ಯಾತರ ಮಾತ್ರೆ ಅಂತ ಯಾರೂ ಹೇಳಬೇಕಾಗಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡು ಮಂಚದ ಮೇಲೆ ತುಂಬಾ ಹೊತ್ತು ಕೂತಿದ್ದೆ.

ಫೋನಿನಲ್ಲಿ ಹೇಳಿದರೆ 'ಸರಿ ಅಮ್ಮ, ಸರಿ ಅಮ್ಮ' ಅಂತ ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಶೆಟ್ಟಿಹಳ್ಳಿಗೆ ಹೋದ ದಿನ ನೆನಪಿದೆಯಾ? ಬೆಳಗ್ಗೆ ತಿಂಡಿ ಬೇಡ ಅಂದೆ. ಎರಡು ಲೋಟ ಕಾಫಿ ಕುಡಿದು ಹೊರಟೆ. ಹೇಮಾವತಿ ಹಿನ್ನೀರು ಇಳಿದಿತ್ತು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಆ ಚರ್ಚಿನ ಬುಡದವರೆಗೆ ನಡೆದುಕೊಂಡೇ ಹೋದೆವು. ಮಧ್ಯಾಹ್ನ ಎರಡಾದರೂ ನೀನು ಬುತ್ತಿ ಮುಟ್ಟಲಿಲ್ಲ. ಆಫೀಸಿನ ಮೆಸೇಜು ನೋಡುತ್ತಲೇ ಇದ್ದೆ. ಅಪ್ಪ 'ಒಂದು ತುತ್ತು ತಿನ್ನಮ್ಮ' ಅಂದಿದ್ದಕ್ಕೆ ಅವರ ಮೇಲೆ ರೇಗಿದೆ. ಆಮೇಲೆ ನೀನೇ ಅತ್ತೆ. 'ಯಾಕೋ ಗೊತ್ತಿಲ್ಲ ಅಮ್ಮ, ಎದೆ ಢವಢವ ಅಂತಿದೆ' ಅಂದೆ. ನಿನ್ನ ಬೆರಳು ನಡುಗುತ್ತಿದ್ದವು. ನಾನು ಏನೂ ಮಾತಾಡದೆ ಚಿತ್ರಾನ್ನದ ಡಬ್ಬಿ ಬಿಚ್ಚಿ ನಿನ್ನ ತೊಡೆಯ ಮೇಲಿಟ್ಟೆ. ಮೊಸರನ್ನ ಕೊಟ್ಟೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ನೀನು ಅಪ್ಪನ ಹೆಗಲಿಗೆ ಒರಗಿ ನಗುತ್ತಿದ್ದೆ. ಆ ಅರ್ಧ ಗಂಟೆಯಲ್ಲಿ ನಿನ್ನ ಆಫೀಸಿನ ಒಂದು ಸಮಸ್ಯೆಯೂ ಬಗೆಹರಿದಿರಲಿಲ್ಲ, ಅಲ್ವಾ?

ಆ ಢವಢವಕ್ಕೆಲ್ಲ ಹಸಿವೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಖಾಲಿ ಹೊಟ್ಟೆಯ ಕಾಫಿ ಒಂದೇ ಸಾಕು ಕೈ ನಡುಗಿಸಲು. ಹೊತ್ತಿಗೆ ಅನ್ನ ಕಾಣದ ಮೈ ಅಡ್ರಿನಲಿನ್ ಅನ್ನುವ ಗಾಬರಿ ಹಾರ್ಮೋನು ಬಿಟ್ಟುಕೊಂಡು ಓಡುತ್ತೆ. ಆಗ ಸಣ್ಣ ಮಾತೂ ಚುಚ್ಚುತ್ತೆ, ಸಣ್ಣ ಕೆಲಸವೂ ಬೆಟ್ಟವಾಗುತ್ತೆ. ಇದು ನನಗೆ ಓದಿ ಗೊತ್ತಾಗಿದ್ದಲ್ಲ, ಅನುಭವಿಸಿ ಗೊತ್ತಾಗಿದ್ದು. ನಿನಗೆ ಇದುವರೆಗೂ ಹೇಳದ ಒಂದು ವಿಷಯ ಹೇಳುತ್ತೇನೆ.

ನೀನು ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಾಗ ನನಗೆ ನೈಟ್ ಡ್ಯೂಟಿ ಜಾಸ್ತಿ. ಊಟದ ಡಬ್ಬಿ ತಂದಂತೆಯೇ ವಾಪಸ್ ಬರುತ್ತಿತ್ತು. ಯಾರೂ ನನಗೆ ಊಟ ಬಿಡು ಅಂದಿರಲಿಲ್ಲ. ರೋಗಿಗಳು ನರಳುತ್ತಿರುವಾಗ ನಾನು ಕೂತು ಉಣ್ಣುವುದು ತಪ್ಪು, ಇದನ್ನು ಯೇಸುಸ್ವಾಮಿಗೆ ಒಪ್ಪಿಸುತ್ತೇನೆ, ಇದೂ ಒಂದು ತ್ಯಾಗ ಅಂತ ನಾನೇ ಅಂದುಕೊಂಡಿದ್ದೆ. ಒಂದು ರಾತ್ರಿ ಮೂರು ಗಂಟೆಗೆ ಆಲೂರು ಕಡೆಯ ಒಬ್ಬ ಮುದುಕಮ್ಮ ಕುಡಿಯಲು ಬಿಸಿನೀರು ಕೇಳಿದರು. ಎರಡನೇ ಸಲ ಕೇಳಿದರು ಅಷ್ಟೇ. ನಾನು ಕಿರುಚಿದೆ. ವಾರ್ಡಿನಲ್ಲಿ ಎಲ್ಲರೂ ಎದ್ದು ಕೂತರು. ಆ ಅಜ್ಜಿ ಲೋಟವನ್ನು ಸೆರಗಿನೊಳಗೆ ಮುಚ್ಚಿಕೊಂಡು ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಆ ಬೆನ್ನು ನನಗೆ ಇವತ್ತಿಗೂ ಕಾಣಿಸುತ್ತೆ.

ಜೊತೆಗಿದ್ದ ಹಿರಿಯ ಸಿಸ್ಟರ್ ಒಬ್ಬರು, ಕನ್ಯಾಮಠದ ಸನ್ಯಾಸಿನಿ, ನನ್ನನ್ನು ಬೈಯಲಿಲ್ಲ. ಕೈ ಹಿಡಿದು ಕರೆದುಕೊಂಡು ಹೋಗಿ ಡಬ್ಬಿ ಬಿಚ್ಚಿ ಮುಂದಿಟ್ಟರು. ನಾನು ತಿನ್ನುವಾಗ ಮಾರ್ಕನ ಶುಭಸಂದೇಶದ ಐದನೇ ಅಧ್ಯಾಯ ಓದಿದರು. ಯಾಯೀರನ ಹನ್ನೆರಡು ವರ್ಷದ ಮಗಳ ಕತೆ. ಸತ್ತಳು ಅಂತ ಎಲ್ಲರೂ ಗೋಳಾಡುತ್ತಿದ್ದಾಗ ಯೇಸುಸ್ವಾಮಿ ಆ ಹುಡುಗಿಯ ಕೈ ಹಿಡಿದು ಎಬ್ಬಿಸಿದರು. ಮನೆಯವರು ಬೆರಗಾಗಿ ನಿಂತಿದ್ದಾರೆ. ಅಷ್ಟು ದೊಡ್ಡ ಅದ್ಭುತ ಆದ ಮೇಲೆ ಸ್ವಾಮಿ ಅವರಿಗೆ ಹೇಳಿದ್ದೇನು ಗೊತ್ತಾ? ಇದನ್ನು ಯಾರಿಗೂ ಹೇಳಬೇಡಿ, ಮಗುವಿಗೆ ತಿನ್ನಲು ಏನಾದರೂ ಕೊಡಿ, ಅಂತ. ಜೀವ ಕೊಟ್ಟವರಿಗೆ ಆ ಮಗುವಿನ ಹೊಟ್ಟೆಯೂ ನೆನಪಿತ್ತು. ಎಷ್ಟೋ ಭಾನುವಾರ ಅದನ್ನು ಪೂಜೆಯಲ್ಲಿ ಕೇಳಿದ್ದೆ. ಆ ರಾತ್ರಿಯೇ ಅದು ಒಳಗೆ ಇಳಿದಿದ್ದು. ಬೆಳಗ್ಗೆ ಆ ಅಜ್ಜಿಗೆ ಬಿಸಿನೀರು ಕೊಟ್ಟು ಕ್ಷಮೆ ಕೇಳಿದೆ.

ಆಮೇಲೆ ನನಗೆ ಹೊಟ್ಟೆಯಲ್ಲಿ ಹುಣ್ಣೂ ಆಯಿತು. ಎಂಡೋಸ್ಕೋಪಿ ಮಾಡಿಸಿದ್ದು ನಿನಗೆ ನೆನಪಿರಬಹುದು. ಊಟ ಬಿಟ್ಟಿದ್ದಕ್ಕೇ ಹುಣ್ಣಾಯಿತು ಅಂತ ನಮ್ಮ ಕಡೆ ಎಲ್ಲರೂ ಹೇಳಿದರು. ಅದು ಪೂರ್ತಿ ನಿಜ ಅಲ್ಲ. ಹೊಟ್ಟೆ ಹುಣ್ಣಿಗೆ ಹೆಚ್ಚಾಗಿ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ, ಇಲ್ಲದಿದ್ದರೆ ನೋವಿನ ಮಾತ್ರೆಗಳು ಕಾರಣ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಇದನ್ನು ತೋರಿಸಲು 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾನೇ ಕುಡಿದು ಕಾಯಿಲೆ ಬೀಳಿಸಿಕೊಂಡರು. 2005ರಲ್ಲಿ ಅವರಿಗೂ ರಾಬಿನ್ ವಾರೆನ್ ಅವರಿಗೂ ನೊಬೆಲ್ ಬಂತು. ನನಗೂ ಆಂಟಿಬಯೋಟಿಕ್ ಕೊಟ್ಟ ಮೇಲೆಯೇ ವಾಸಿಯಾಗಿದ್ದು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನೀನು ನಿನಗೆ ನೀನೇ ಮಾತ್ರೆ ನುಂಗಿಕೊಂಡು ಇರಬೇಡ. ಡಾಕ್ಟರಿಗೆ ತೋರಿಸು. ತೂಕ ಸುಮ್ನೆ ಇಳಿಯುತ್ತಿದ್ದರೆ, ನುಂಗಲು ಕಷ್ಟವಾದರೆ, ಮಲ ಕಪ್ಪಗೆ ಟಾರಿನಂತೆ ಹೋದರೆ ಒಂದು ದಿನವೂ ಕಾಯಬೇಡ.

ಹಾಗಾದರೆ ಹೊತ್ತಿಗೆ ಉಣ್ಣುವುದರಿಂದ ಏನು ಅಂತ ಕೇಳಬಹುದು. ನಮ್ಮ ಕರುಳು ಸುಮ್ನೆ ಒಂದು ಕೊಳವೆ ಅಲ್ಲ ಮಗಳೇ. ಅದರ ಗೋಡೆಯಲ್ಲಿ ಕೋಟಿಗಟ್ಟಲೆ ನರಕೋಶಗಳಿವೆ. ಹೊಟ್ಟೆಯನ್ನೂ ಮೆದುಳನ್ನೂ ಜೋಡಿಸುವ ವೇಗಸ್ ನರದ ಹೆಚ್ಚಿನ ಎಳೆಗಳು ಸುದ್ದಿ ಒಯ್ಯುವುದು ಕೆಳಗಿನಿಂದ ಮೇಲಕ್ಕೆ, ಹೊಟ್ಟೆಯಿಂದ ಮೆದುಳಿಗೆ. ಎರಡು ಊಟಗಳ ನಡುವೆ ಹೊಟ್ಟೆ ಖಾಲಿಯಾದಾಗ ಒಂದೂವರೆ ಎರಡು ಗಂಟೆಗೊಮ್ಮೆ ಒಂದು ಅಲೆ ಮೇಲಿಂದ ಕೆಳಗೆ ಸಾಗುತ್ತೆ. ಊಟವಾದ ಮೇಲೆ ನಾವು ಅಡುಗೆಮನೆ ಗುಡಿಸುತ್ತೇವಲ್ಲ, ಹಾಗೆ ಉಳಿದದ್ದನ್ನೆಲ್ಲ ಅದು ಗುಡಿಸಿಕೊಂಡು ಹೋಗುತ್ತೆ. ಬಾಯಿಗೆ ಏನಾದರೂ ಬಿದ್ದರೆ ಗುಡಿಸುವುದು ಅಲ್ಲಿಗೇ ನಿಲ್ಲುತ್ತೆ. ನೀನು ಊಟ ಬಿಟ್ಟು ದಿನವಿಡೀ ಬಿಸ್ಕತ್ತು, ಚಿಪ್ಸು ಅಂತ ಮೆಲ್ಲುತ್ತಿದ್ದರೆ ಅದಕ್ಕೆ ಪೊರಕೆ ಹಿಡಿಯಲು ಹೊತ್ತೇ ಸಿಗಲ್ಲ. ಜಠರಕ್ಕೂ ಯಕೃತ್ತಿಗೂ ತಮ್ಮದೇ ಗಡಿಯಾರಗಳಿವೆ. ಅವು ಹೊತ್ತು ಹೊಂದಿಸಿಕೊಳ್ಳುವುದು ನಾವು ಉಣ್ಣುವ ಹೊತ್ತು ನೋಡಿ. ರಾತ್ರಿ ಹನ್ನೊಂದೂವರೆಗೆ ಬಿರಿಯಾನಿ ತರಿಸಿ, ತಿಂದು, ಹಾಗೇ ಮಲಗಿದರೆ ಆಸಿಡ್ ಗಂಟಲಿಗೆ ಬರದೆ ಇನ್ನೇನು ಮಾಡುತ್ತೆ?

ಮನಸ್ಸಿನ ಸಂಗತಿಯೂ ಅಷ್ಟೇ. 1822ರಲ್ಲಿ ಅಮೆರಿಕದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಅನ್ನುವವನಿಗೆ ಆಕಸ್ಮಿಕವಾಗಿ ಗುಂಡು ತಗಲಿತು. ಗಾಯ ಮಾಗಿದರೂ ಜಠರಕ್ಕೆ ಒಂದು ತೂತು ಉಳಿದೇಬಿಟ್ಟಿತು. ವಿಲಿಯಂ ಬೋಮಾಂಟ್ ಅನ್ನುವ ಸೇನೆಯ ಡಾಕ್ಟರು ರೇಷ್ಮೆ ದಾರಕ್ಕೆ ಮಾಂಸದ ತುಂಡು ಕಟ್ಟಿ ಆ ತೂತಿನಿಂದ ಒಳಗೆ ಇಳಿಬಿಟ್ಟು, ಜೀರ್ಣ ಆಗುವುದನ್ನು ವರ್ಷಗಟ್ಟಲೆ ನೋಡಿ ಬರೆದಿಟ್ಟರು. ಅವನಿಗೆ ಸಿಟ್ಟು ಬಂದಾಗ ಜೀರ್ಣವಾಗುವ ರೀತಿಯೇ ಕೆಡುವುದು ಅವರ ಕಣ್ಣಿಗೆ ಬಿತ್ತು. ನರ್ಸಿಂಗ್ ಓದುವಾಗ ಇದನ್ನು ಕೇಳಿ ನನಗೆ ನೆನಪಾಗಿದ್ದು ಸೊಲೊಮೋನನ ಜ್ಞಾನೋಕ್ತಿ: ದ್ವೇಷ ಇರುವಲ್ಲಿನ ಮಾಂಸದೂಟಕ್ಕಿಂತ ಪ್ರೀತಿ ಇರುವಲ್ಲಿನ ಸೊಪ್ಪಿನೂಟ ಮೇಲು. ಅದು ಬರೀ ಬುದ್ಧಿಮಾತಲ್ಲ, ಜಠರದ ವಿಷಯವೂ ಹೌದು. ಮೀಟಿಂಗಿನಲ್ಲಿ ಬೈಸಿಕೊಳ್ಳುತ್ತಾ ಲ್ಯಾಪ್‌ಟಾಪ್ ಮುಂದೆ ನುಂಗಿದ ಸ್ಯಾಂಡ್‌ವಿಚ್ ನಿನ್ನ ಮೈಗೆ ಹೇಗೆ ಹತ್ತಬೇಕು?

ನನ್ನ ಅಜ್ಜಿ ಗಡಿಯಾರ ನೋಡಲು ಕಲಿತವಳಲ್ಲ. ನಮ್ಮೂರ ಚರ್ಚಿನಲ್ಲಿ ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ ತ್ರಿಕಾಲ ಪ್ರಾರ್ಥನೆಯ ಗಂಟೆ ಹೊಡೆಯುತ್ತಿದ್ದರು. ಹನ್ನೆರಡರ ಗಂಟೆ ಕೇಳಿದರೆ ಆಲೂಗಡ್ಡೆ ಕೀಳುತ್ತಿದ್ದವರೆಲ್ಲ ಕುಕ್ಕೆ ಕೆಳಗಿಟ್ಟು ಹೊಲದಲ್ಲೇ ನಿಲ್ಲುತ್ತಿದ್ದರು. ಪ್ರಾರ್ಥನೆ ಮುಗಿಸಿ ಹೊಂಗೆ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು. ಮುದ್ದೆ, ಹುರುಳಿಕಾಳು ಸಾರು, ಒಂದು ಈರುಳ್ಳಿ, ಮಜ್ಜಿಗೆ. ಕಿತ್ತ ಸಾಲು ಅರ್ಧಕ್ಕೆ ನಿಂತಿರುತ್ತಿತ್ತು. ಮಳೆ ಮೋಡ ಕಟ್ಟಿದ್ದರೂ ಅಜ್ಜಿ ಮೊದಲು ಉಣ್ಣುತ್ತಿದ್ದಳು. 'ಉಳಿದಿದ್ದು ದೇವರು ನೋಡ್ಕೋತಾನೆ, ನಾನು ಉಂಡ್ಕೊಂಡು ಬರ್ತೀನಿ' ಅನ್ನುತ್ತಿದ್ದಳು. ಅವಳಿಗೆ ಸೋಮಾರಿತನ ಅನ್ನುವುದೇ ಗೊತ್ತಿರಲಿಲ್ಲ. ಆ ಅರ್ಧ ಗಂಟೆ ಲೋಕವನ್ನು ತಾನು ಹೊತ್ತಿಲ್ಲ ಅನ್ನುವುದು ಗೊತ್ತಿತ್ತು.

ನಾನು ನಿನಗೆ ಹೇಳಬೇಕೆಂದಿರುವುದೂ ಇದನ್ನೇ. ನೀನು ಊಟ ಬಿಡುವುದು ಹಸಿವಿಲ್ಲದೆ ಅಲ್ಲ, ಭಯದಿಂದ. ಎದ್ದು ಹೋದರೆ ಏನೋ ಕೆಟ್ಟುಹೋಗುತ್ತೆ ಅನ್ನುವ ಭಯ. 127ನೇ ಕೀರ್ತನೆ ಓದು. ಬೆಳಗ್ಗೆ ಬೇಗ ಎದ್ದು, ರಾತ್ರಿ ತಡವಾಗಿ ಮಲಗಿ, ಕಷ್ಟದ ಅನ್ನ ತಿನ್ನುವುದು ವ್ಯರ್ಥ ಅನ್ನುತ್ತೆ. ಉಪದೇಶಕ ಗ್ರಂಥದ ಹತ್ತನೇ ಅಧ್ಯಾಯದಲ್ಲಿ ಒಂದು ನಾಡು ಯಾವಾಗ ಧನ್ಯ ಅಂತ ಬರೆದಿದೆ. ಅದರ ಒಡೆಯರು ಅಮಲಿಗಾಗಿ ಅಲ್ಲ, ಬಲಕ್ಕಾಗಿ, ತಕ್ಕ ಹೊತ್ತಿನಲ್ಲಿ ಉಣ್ಣುವಾಗ. ನಾಡಿಗೇ ಅನ್ವಯಿಸುವ ಮಾತು ನಿನ್ನ ಪಿಜಿ ರೂಮಿಗೆ ಅನ್ವಯಿಸದೇ ಇರುತ್ತಾ?

ಉಪವಾಸ ಒಳ್ಳೆಯದಲ್ವಾ ಅಂತ ನೀನು ಹೋದ ಸಲ ಕೇಳಿದೆ. ಒಳ್ಳೆಯದೇ. ಆದರೆ ಅದಕ್ಕೂ ಒಂದು ಹೊತ್ತಿದೆ, ಕಾರಣವಿದೆ. ವಿಭೂತಿ ಬುಧವಾರ, ಶುಭ ಶುಕ್ರವಾರದಂದು ಕೂಡ ಧರ್ಮಸಭೆ ಒಂದು ಪೂರ್ತಿ ಊಟ, ಎರಡು ಸಣ್ಣ ಊಟಕ್ಕೆ ಒಪ್ಪುತ್ತೆ. ನೀನು ಒಂದು ಮಾಮೂಲಿ ಮಂಗಳವಾರ ಅದಕ್ಕಿಂತ ಕಡಿಮೆ ತಿನ್ನುತ್ತಿದ್ದೀಯ. ಅದನ್ನು ಯಾರಿಗೂ ಒಪ್ಪಿಸುತ್ತಲೂ ಇಲ್ಲ.

ಮೊನ್ನೆ ಫೋನಿನಲ್ಲಿ 'ಸಾಕಾಗಿಹೋಗಿದೆ ಅಮ್ಮ' ಅಂದೆಯಲ್ಲ, ಆಗಿನಿಂದ ನನಗೆ ಪ್ರವಾದಿ ಎಲೀಯ ನೆನಪಾಗುತ್ತಿದ್ದಾನೆ. ಅವನೂ ಹೀಗೇ ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕೂತು 'ಸಾಕು ದೇವರೇ, ನನ್ನ ಜೀವ ತೆಗೆದುಕೊಂಡುಬಿಡು' ಅಂದ. ದೇವರು ಅವನನ್ನು ಗದರಿಸಲಿಲ್ಲ, ಪ್ರಶ್ನೆ ಕೇಳಲಿಲ್ಲ. ಅವನು ಮಲಗಿದ. ದೂತ ತಟ್ಟಿ ಎಬ್ಬಿಸಿ 'ಎದ್ದು ತಿನ್ನು' ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ದೂತ ಮತ್ತೆ ಎಬ್ಬಿಸಿ ತಿನ್ನಿಸಿದ, ನಿನ್ನ ದಾರಿ ಬಹಳ ದೂರ ಇದೆ ಅಂತ. ದೇವರ ಮೆಲ್ಲನೆಯ ದನಿ ಅವನಿಗೆ ಕೇಳಿಸಿದ್ದು ಇದೆಲ್ಲ ಆದ ಮೇಲೆ. ಮೊದಲು ನಿದ್ದೆ, ರೊಟ್ಟಿ, ನೀರು.

ಉಂಡರೆ ಎಲ್ಲ ದುಃಖವೂ ಹೋಗುತ್ತೆ ಅಂತ ಹೇಳುವಷ್ಟು ದಡ್ಡತನ ನಾನು ಮಾಡುವುದಿಲ್ಲ. ಹೊತ್ತಿಗೆ ಉಂಡು, ಮಲಗಿ, ಪ್ರಾರ್ಥನೆ ಮಾಡಿದ ಮೇಲೂ ಎದೆ ಭಾರ ಇಳಿಯದಿದ್ದರೆ ಕೌನ್ಸೆಲರ್ ಹತ್ತಿರ ಹೋಗು. ಅದು ವಿಶ್ವಾಸ ಕಡಿಮೆಯಾದ ಗುರುತಲ್ಲ. ನಾನೇ ಬೆಂಗಳೂರಿಗೆ ಬಂದು ಜೊತೆಗೆ ಕೂರುತ್ತೇನೆ.

ಸದ್ಯಕ್ಕೆ ಇಷ್ಟು ಮಾಡು. ಬೆಳಗ್ಗೆ ಎಂಟೂವರೆಗೆ ತಿಂಡಿ, ಕಾಫಿ ಅದರ ಮೇಲೆ. ಒಂದು ಗಂಟೆಗೆ ಊಟ, ಫೋನ್ ಬ್ಯಾಗಿನೊಳಗೆ. ಶಿಲುಬೆ ಗುರುತು ಹಾಕಿ ಮೂರು ಸಲ ನಿಧಾನಕ್ಕೆ ಉಸಿರು ಎಳೆದುಕೊಂಡು ಆಮೇಲೆ ಮೊದಲ ತುತ್ತು. ಕಾಳು, ಸೊಪ್ಪು ಏನಾದರೂ ಒಂದು ಇರಲಿ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೂ ಊಟ ಬೇಕು, ಅವು ಬದುಕುವುದು ನಾರಿನ ಮೇಲೆ. ಪಿಜಿಯಲ್ಲಿ ರಾತ್ರಿ ಊಟ ಒಂಬತ್ತಕ್ಕೆ ಅಂದೆ. ಕೆಳಗೆ ಅಡುಗೆಯವರನ್ನು ಕೇಳು, ಎಂಟಕ್ಕೇ ಒಂದು ತಟ್ಟೆ ಕೊಡುತ್ತಾರೆ. ಕೇಳದೆ ಯಾರೂ ಕೊಡಲ್ಲ.

ಬುಧವಾರ ಪಕ್ಕದ ಮನೆಯವರು ಬೆಂಗಳೂರಿಗೆ ಬರುತ್ತಿದ್ದಾರೆ. ಅವರ ಕೈಲಿ ರಾಗಿ ಹುರಿಹಿಟ್ಟು, ಹುರುಳಿಕಾಳು ಚಟ್ನಿಪುಡಿ ಕಳಿಸುತ್ತೇನೆ. ಹುರಿಹಿಟ್ಟಿನ ಡಬ್ಬಿ ಮುಚ್ಚಳ ಗಟ್ಟಿ, ಬಟ್ಟೆ ಹಿಡಿದು ತಿರುಗಿಸು. ಎಂಟು ಗಂಟೆಗೆ ನಾನೂ ಅಪ್ಪನೂ ತಟ್ಟೆ ಹಾಕಿಕೊಂಡು ಕೂರುತ್ತೇವೆ, ನಿನಗೆ ಗೊತ್ತು. ನೀನೂ ಆ ಹೊತ್ತಿಗೆ ಅಲ್ಲಿ ಕೂತಿರು. ಆ ಹತ್ತನೇ ಮಾತ್ರೆ ನನ್ನ ಬೈಬಲಿನೊಳಗೆ ಇಟ್ಟಿದ್ದೇನೆ. ಡಾಕ್ಟರ್ ಏನಂದರು ಅಂತ ಶನಿವಾರದೊಳಗೆ ಹೇಳು.

ನಿನ್ನ ಅಮ್ಮ