ಆ ಮಾತ್ರೆಯ ಹೆಸರಿಗೆ ಹೆದರಬೇಡ, ಸುಹಾಸ

ಚಿ. ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ನಿನ್ನ ಪಕ್ಕದಲ್ಲಿ ರೂಮಿನ ಹುಡುಗ ಇದ್ದ, ನೀನು ಪಿಸುಗುಟ್ಟುತ್ತಿದ್ದೆ. ಇದು ಅವಸರದಲ್ಲಿ ಆಡುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

"ಕ್ವೆಟಿಯಾಪಿನ್ 50 ಕೊಟ್ಟಿದ್ದಾರೆ, ನೆಟ್‌ನಲ್ಲಿ ಆಂಟಿಸೈಕೋಟಿಕ್ ಅಂತಿದೆ, ನನಗೆ ಹುಚ್ಚಾ ದೊಡ್ಡಮ್ಮ?" ಎಂದೆ. ಅಲ್ಲ ಮಗಾ. ಈ ಜಾತಿಯ ಔಷಧಿಗಳನ್ನು ಮೊದಲು ಕೊಡುತ್ತಿದ್ದದ್ದು ಇಲ್ಲದ ದನಿ ಕೇಳಿಸುವ ಸ್ಕಿಜೋಫ್ರೇನಿಯಾದಂಥ ಕಾಯಿಲೆಗಳಿಗೆ. ಹಳೆಯ ಹೆಸರು ಹಾಗೇ ಉಳಿದಿದೆ. ಮನಸ್ಸು ಒಮ್ಮೆ ತೀರಾ ಮೇಲಕ್ಕೇರಿ, ಒಮ್ಮೆ ತೀರಾ ಕೆಳಗಿಳಿಯುತ್ತದಲ್ಲ, ಆ ಬೈಪೋಲಾರ್ ಕಾಯಿಲೆಯ ಖಿನ್ನತೆಗೂ ಇದು ಆಗಿಬರುತ್ತದೆ ಅಂತ ಆಮೇಲೆ ಗೊತ್ತಾಯಿತು. ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2006ರಲ್ಲೇ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ನಾನೂ ರಾತ್ರಿ ಊಟವಾದ ಮೇಲೆ ಇದನ್ನೇ ನುಂಗುತ್ತೇನೆ. ಮನೆಯಲ್ಲಿ ಎಲ್ಲರೂ ನನ್ನದು ಬಿ.ಪಿ. ಮಾತ್ರೆ ಅಂದುಕೊಂಡಿದ್ದಾರೆ. ನಿನ್ನ ದೊಡ್ಡಪ್ಪನಿಗೆ ಮಾತ್ರ ಗೊತ್ತು, ಈಗ ನಿನಗೆ.

ಬರೀ ಖಿನ್ನತೆಯ ಮಾತ್ರೆ ಯಾಕೆ ಕೊಡಲಿಲ್ಲ ಅಂತಲೂ ಕೇಳಿದೆಯಲ್ಲ, ಅದು ನನ್ನ ಅನುಭವದಲ್ಲೇ ಇದೆ. ಮೊದಲು ತೋರಿಸಿದ ಡಾಕ್ಟರು ನನ್ನದು ಬರೀ ಖಿನ್ನತೆ ಎಂದು ಆ ಮಾತ್ರೆಯೊಂದನ್ನೇ ಬರೆದುಕೊಟ್ಟಿದ್ದರು. ಕೆಲವು ವಾರಗಳಲ್ಲಿ ನನಗೆ ನಿದ್ದೆಯೇ ಬೇಡವಾಯಿತು. ಬೆಳಗಿನ ಜಾವ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನೆಲ್ಲ ಇಳಿಸಿಕೊಂಡು ಹುಣಸೆಹಣ್ಣು ಹಾಕಿ ತಿಕ್ಕುತ್ತಾ ಕೂತಿದ್ದೆ, ಒಬ್ಬಳೇ ಜೋರಾಗಿ ಹಾಡಿಕೊಂಡು. ದೊಡ್ಡಪ್ಪ ಎದ್ದು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಬೈಪೋಲಾರ್ ಇದ್ದವರಿಗೆ ಖಿನ್ನತೆಯ ಮಾತ್ರೆ ಒಂದೇ ಕೊಟ್ಟರೆ ಕೆಲವರು ಹೀಗೆ ಮೇಲಕ್ಕೆ ಹಾರಿಬಿಡುತ್ತಾರೆ. ಹಾರಿದ ಮೇಲೆ ಇನ್ನೂ ಕೆಳಕ್ಕೆ ಬೀಳಬಹುದು. ನಿನ್ನ ಡಾಕ್ಟರು ಇದನ್ನು ಮೊದಲೇ ಯೋಚಿಸಿದ್ದಾರೆ, ನನಗೆ ಅದು ಸಮಾಧಾನ.

ಡೋಸಿನ ವಿಷಯ ಸರಿಯಾಗಿ ತಿಳಿದುಕೋ. 25, 50 ಮಿಲಿಗ್ರಾಂನಲ್ಲಿ ಈ ಮಾತ್ರೆ ಮುಖ್ಯವಾಗಿ ತಡೆಯುವುದು ನಮ್ಮನ್ನು ಎಚ್ಚರವಾಗಿಡುವ ಹಿಸ್ಟಮಿನ್ ಅನ್ನುವ ರಾಸಾಯನಿಕವನ್ನು. ಹಳೇ ನೆಗಡಿ ಮಾತ್ರೆ ತಗೊಂಡರೆ ಕಣ್ಣು ಎಳೆಯುತ್ತದಲ್ಲ, ಅದೇ ಕಾರಣ. ನಿದ್ದೆ ಬರುತ್ತದೆ, ಅಷ್ಟಕ್ಕೇ ಎಷ್ಟೋ ನೆಮ್ಮದಿ. ಆದರೆ ರೋಗಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಬೈಪೋಲಾರ್ ಖಿನ್ನತೆಗೆ ಗುಣ ಕಂಡದ್ದು ದಿನಕ್ಕೆ 300 ಮಿಲಿಗ್ರಾಂನಲ್ಲಿ. 600 ಕೊಟ್ಟು ನೋಡಿದರೂ ಅದಕ್ಕಿಂತ ಜಾಸ್ತಿ ಲಾಭ ಕಾಣಲಿಲ್ಲ. ನನಗೂ ಸಣ್ಣ ಡೋಸಿನಲ್ಲಿ ನಿದ್ದೆ ಬಂತೇ ಹೊರತು ಎದೆಯ ಮೇಲಿನ ಭಾರ ಇಳಿಯಲಿಲ್ಲ. ಮೆಲ್ಲಗೆ ಏರಿಸಿದ ಮೇಲೆ ಒಂದು ದಿನ ಸಾರಿಗೆ ಒಗ್ಗರಣೆ ಹಾಕಿದಾಗ ಇಂಗಿನ ವಾಸನೆ ಮೂಗಿಗೆ ಬಡಿಯಿತು. ಎಷ್ಟು ತಿಂಗಳಿಂದ ಅದು ನನಗೆ ಗೊತ್ತೇ ಆಗುತ್ತಿರಲಿಲ್ಲ! ಹಾಗಾಗಿ ಡಾಕ್ಟರು ಡೋಸ್ ಏರಿಸಿದರೆ ಕಾಯಿಲೆ ಕೈಮೀರಿತು ಅಂದುಕೊಳ್ಳಬೇಡ. ನೀನಾಗಿ ಏರಿಸಲೂ ಬೇಡ, ಇಳಿಸಲೂ ಬೇಡ. ಸ್ಟ್ರಿಪ್ ಮೇಲೆ ಎಸ್‌ಆರ್ ಅಂತಿದ್ದರೆ ಅದು ಔಷಧಿಯನ್ನು ನಿಧಾನಕ್ಕೆ ಬಿಡುವ ಮಾತ್ರೆ, ಮುರಿಯಬಾರದು, ಜಗಿಯಬಾರದು.

ಬೆಳಿಗ್ಗೆ ತಲೆ ಭಾರ ಎಂದೆ. ರಾತ್ರಿ ಹನ್ನೊಂದೂವರೆಗೆ ನುಂಗಿ ಏಳಕ್ಕೆ ಎದ್ದರೆ ಇನ್ನೇನಾಗುತ್ತೆ? ಇನ್ನೂ ಬೇಗ ತಗೊಳ್ಳಬಹುದಾ ಅಂತ ಡಾಕ್ಟರನ್ನು ಕೇಳು. ಈ ಮಂಪರು ಹೋಗುವ ತನಕ ಬೈಕ್ ಮುಟ್ಟಬೇಡ, ಮೆಟ್ರೋದಲ್ಲಿ ಹೋಗು. ರಾತ್ರಿ ಬಾತ್‌ರೂಮಿಗೆ ಏಳುವಾಗ ಧಡಕ್ಕನೆ ಏಳಬೇಡ. ಬಿ.ಪಿ. ಇಳಿದು ಕಣ್ಣು ಕತ್ತಲೆ ಬರುತ್ತದೆ. ಮಂಚದ ಅಂಚಿಗೆ ಕೂತು, ಕಾಲು ನೆಲಕ್ಕೂರಿ, ಸ್ವಲ್ಪ ಹೊತ್ತಾದ ಮೇಲೆ ಏಳು. ಗೆಳೆಯರ ಜೊತೆ ಕುಡಿಯುವುದು ಪೂರ್ತಿ ನಿಲ್ಲಲಿ, ಇದರಲ್ಲಿ ರಾಜಿ ಇಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು ಹಸಿವು. ಮಾತ್ರೆ ನುಂಗಿ ಸ್ವಲ್ಪ ಹೊತ್ತಿಗೆ ಕೋಡುಬಳೆ ಡಬ್ಬಿ ಕರೆಯುತ್ತಿತ್ತು. ಅದು ಬಾಯಿಚಪಲ ಅಲ್ಲ, ಮಾತ್ರೆಯದೇ ಕೆಲಸ. ಕರಿದ ತಿಂಡಿಯನ್ನು ಮನೆಗೆ ತರುವುದನ್ನೇ ಬಿಟ್ಟೆ. ನೀನು ಈಗಲೇ ತೂಕ, ಸೊಂಟದ ಸುತ್ತಳತೆ ಬರೆದಿಡು. ಸಕ್ಕರೆ, ಕೊಲೆಸ್ಟರಾಲ್ ಈಗೊಮ್ಮೆ, ಮೂರು ತಿಂಗಳಾದ ಮೇಲೊಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ನೋಡಿಸು. ನಮ್ಮ ವಂಶದಲ್ಲಿ ಸಕ್ಕರೆ ಕಾಯಿಲೆ ಇದೆ, ಡಾಕ್ಟರಿಗೆ ಅದನ್ನೂ ಹೇಳು. ಕೂತಲ್ಲಿ ಕೂರಲಾಗದ ಚಡಪಡಿಕೆ, ತುಟಿ ಅಥವಾ ನಾಲಿಗೆ ತಾನಾಗಿ ಆಡುವುದು, ಇಂಥದ್ದು ಕಂಡರೆ ಮುಂದಿನ ಭೇಟಿಯ ತನಕ ಕಾಯಬೇಡ.

ಹುಷಾರಾಯಿತು ಅಂತ ಒಮ್ಮೆಲೇ ನಿಲ್ಲಿಸಬೇಡ. ನಿದ್ದೆ ಹಾರಿಹೋಗುತ್ತದೆ, ವಾಂತಿ ಬಂದಂತಾಗುತ್ತದೆ, ಕಾಯಿಲೆಯೂ ಮರುಕಳಿಸಬಹುದು. ಬಿಡಬೇಕು ಅನ್ನಿಸಿದರೆ ಡಾಕ್ಟರೆದುರು ಹೇಳು. ಅವರು ಮೆಲ್ಲಗೆ ಇಳಿಸುತ್ತಾರೆ, ಇಲ್ಲ ಬೇರೆ ಔಷಧಿ ನೋಡುತ್ತಾರೆ. ಒಂದೇ ಮಾತ್ರೆ ಎಲ್ಲರಿಗೂ ಒಗ್ಗುವುದಿಲ್ಲ.

ಇನ್ನೊಂದು ಮಾತು, ನೇರವಾಗಿ ಕೇಳುತ್ತಿದ್ದೇನೆ. ಬದುಕಿ ಏನು ಪ್ರಯೋಜನ ಅನ್ನುವ ಯೋಚನೆ ಬರುತ್ತಿದೆಯಾ? ಬಂದರೆ ರಾತ್ರಿ ಎರಡು ಗಂಟೆಯಾದರೂ ನನಗೆ ಫೋನ್ ಮಾಡು. ನಾನು ಎತ್ತದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಾಡು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ನಿನ್ನ ವಯಸ್ಸಿನವರಿಗೆ ಶುರುವಿನ ವಾರಗಳಲ್ಲಿ ಇಂಥ ಯೋಚನೆ ಹೆಚ್ಚಾಗುವ ಸಾಧ್ಯತೆ ಇದೆ, ಅದಕ್ಕೇ ಕೇಳಿದೆ.

ಅಮ್ಮನಿಗೆ ಯಾವಾಗ ಹೇಳುತ್ತೀಯೋ ಅದು ನಿನಗೆ ಬಿಟ್ಟದ್ದು. ನಾನು ಬಾಯಿ ಬಿಡುವುದಿಲ್ಲ. ಜೊತೆಗೆ ಕೂತು ಹೇಳು ಅಂದರೆ ಬಂದು ಕೂರುತ್ತೇನೆ. ಡಾಕ್ಟರ ಮುಂದಿನ ಭೇಟಿ ಯಾವತ್ತು ಅಂತ ತಿಳಿಸು. ನೀನು ಬಾ ಅಂದರೆ ಹಿಂದಿನ ರಾತ್ರಿಯ ಶಿವಮೊಗ್ಗ ಬಸ್ಸಿಗೆ ಹೊರಟು ಬೆಳಿಗ್ಗೆ ಅಲ್ಲಿರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ